ಒಂಬತ್ತು ಹೆಸರುಗಳ ಅಂತರ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಹದ್ದಿನಕಲ್ಲು ಭೂಕಂಪನ ಕೇಂದ್ರದ ಪೆಟ್ಟಿಗೆ ಕೂಗಿಕೊಂಡಿತು. ಸುಂಕಮ್ಮ ಆಗಷ್ಟೇ ಡ್ಯೂಟಿಗೆ ಬಂದು ಊಟದ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಆ ಪೆಟ್ಟಿಗೆ ತಿಂಗಳಿಗೊಮ್ಮೆ ಪರೀಕ್ಷೆಗೆಂದು ಕೂಗುವುದುಂಟು. ನಿಜವಾಗಿ ಕೂಗಿದ್ದು ಹತ್ತು ವರ್ಷದಲ್ಲಿ ಇದೇ ಮೊದಲು. ಪರದೆಯ ಮೇಲೆ ಮೂರು ಸಾಲು ಮೂಡಿದವು: ನೆರೆದೇಶದ ಮರುಭೂಮಿಯಲ್ಲಿ ನೆಲದಡಿ ಸ್ಫೋಟ. ಅಣ್ವಸ್ತ್ರ ಪರೀಕ್ಷೆ, ಸಂಶಯವಿಲ್ಲ. ಉತ್ತರ ಕೊಡಲು ಸಂಜೆ ಐದರವರೆಗೆ ಅವಕಾಶ.

ಉತ್ತರ ಎಂದರೆ ಕಾಗದ ಬರೆಯುವುದಲ್ಲ. ಪರೀಕ್ಷೆ ನಡೆದ ಜಾಗವನ್ನು ಕ್ಷಿಪಣಿಯಿಂದ ಹೊಡೆಯುವುದು. ಒಪ್ಪಂದದಲ್ಲಿ ಅದಕ್ಕೆ ಬೇರೆ ನಯವಾದ ಹೆಸರಿತ್ತು.

ಈ ಪೆಟ್ಟಿಗೆಯ ಕಥೆಯನ್ನು ಇಲ್ಲಿಯೇ ಹೇಳಿಬಿಡಬೇಕು. ನಾವೂ ನೆರೆಯವರೂ ಮೂರು ತಲೆಮಾರಿನಿಂದ ಹಾವು ಮುಂಗುಸಿ. ಅವರು ನೆಲದಡಿ ಏನು ಸಿಡಿಸಿದರೋ ಎಂದು ನಮಗೆ ನಿದ್ದೆಯಿಲ್ಲ, ನಾವೇನು ಸಿಡಿಸಿದೆವೋ ಎಂದು ಅವರಿಗೆ ಊಟ ಸೇರದು. ನಮ್ಮ ಯಂತ್ರ ಹೇಳಿದ್ದನ್ನು ಅವರು ನಂಬುವುದಿಲ್ಲ, ಅವರ ಯಂತ್ರ ಹೇಳಿದ್ದನ್ನು ನಾವು ನಂಬುವುದಿಲ್ಲ. ಕೊನೆಗೆ, ಪತ್ರಿಕೆಯವರು ದೊಡ್ಡಣ್ಣ ಎಂದು ಕರೆಯುವ ಆ ಬಲಾಢ್ಯ ದೇಶ ಸಮುದ್ರ ದಾಟಿ ಬಂದು ನಡುವೆ ಕೂತಿತು. ಎರಡೂ ಕಡೆ ಹನ್ನೆರಡು ಹನ್ನೆರಡು ಕೇಂದ್ರಗಳಲ್ಲಿ ತನ್ನ ಪೆಟ್ಟಿಗೆ ಇಟ್ಟಿತು. ಪೆಟ್ಟಿಗೆ ನೆಲದ ಕಂಪನವನ್ನೆಲ್ಲ ಕೇಳಿಸಿಕೊಂಡು ದೊಡ್ಡಣ್ಣನ ಭಂಡಾರಕ್ಕೆ ಕಳಿಸುವುದು. ಅಲ್ಲಿಂದ ಬಂದ ತೀರ್ಪನ್ನು ಎರಡೂ ಕಡೆಯವರು ತಲೆಬಾಗಿ ಒಪ್ಪುವುದು. ಹೀಗೆಂದು ಹತ್ತು ವರ್ಷದ ಒಪ್ಪಂದವಾಯಿತು. ಈ ಉಪಕಾರಕ್ಕೆ ದೊಡ್ಡಣ್ಣ ಎರಡೂ ದೇಶಗಳಲ್ಲಿ ಒಂದೊಂದು ಬಂದರು, ಒಂದೊಂದು ವಿಮಾನ ನೆಲೆ ಪಡೆದ. ಕ್ಷಿಪಣಿ ತಡೆಯುವ ಒಂದೇ ಮಾದರಿಯ ಯಂತ್ರಗಳನ್ನು ಎರಡೂ ಕಡೆಗೆ ಮಾರಿದ. ಆ ವಿಷಯದಲ್ಲಿ ಅವನು ಭೇದಭಾವ ಮಾಡಿದವನಲ್ಲ.

ಬರುವ ಡಿಸೆಂಬರಿಗೆ ಒಪ್ಪಂದ ಮುಗಿಯುವುದಿತ್ತು. ಒಂದು ವರ್ಷದಿಂದ ಎರಡು ದೇಶಗಳೂ ನೇರವಾಗಿ ಮಾತಾಡತೊಡಗಿದ್ದವು. ಪೆಟ್ಟಿಗೆ ಇನ್ನು ಸಾಕು ಎಂಬ ಮಾತು ಎರಡೂ ಕಡೆ ಕೇಳಿಬಂದಿತ್ತು. ಅಂಥ ಹೊತ್ತಿನಲ್ಲಿ ಪೆಟ್ಟಿಗೆ ಕೂಗಿತು.

ಕೇಂದ್ರದ ಮುಖ್ಯಸ್ಥರಾದ ಡಾ. ಫಣೀಂದ್ರ ಕ್ವಾರ್ಟರ್ಸ್‌ನಿಂದ ಓಡಿಬಂದರು, ಅಂಗಿಯ ಗುಂಡಿ ಅರ್ಧ ಹಾಕಿಕೊಂಡು. ಪೆಟ್ಟಿಗೆಯ ಉಸ್ತುವಾರಿಗೆಂದು ದೊಡ್ಡಣ್ಣ ನೇಮಿಸಿದ್ದ ಇಂಜಿನಿಯರ್ ವಿಕ್ಟರ್ ಆಗಲೇ ಅಲ್ಲಿದ್ದ. ಐದು ವರ್ಷ ಇಲ್ಲೇ ಇದ್ದು ಅವನು ಪುಸ್ತಕದ ಕನ್ನಡ ಕಲಿತಿದ್ದ.

"ಇದು ಬಹಳ ದುಃಖದ ಸಂಗತಿ," ಎಂದ ವಿಕ್ಟರ್. ಅವನ ಮುಖ ನಿಜಕ್ಕೂ ಬಿಳಿಚಿಕೊಂಡಿತ್ತು.

ಹನ್ನೆರಡು ಗಂಟೆಗೆ ದೊಡ್ಡಣ್ಣನ ಭಂಡಾರದಿಂದ ಸಾಕ್ಷಿಯ ಗೀಟು ಬಂತು. ಕಂಪನದ ಆ ಗೀಟನ್ನು ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಹಚ್ಚುವುದು ಸುಂಕಮ್ಮನ ಕೆಲಸ. ದೊಡ್ಡದೊಂದು ಉಬ್ಬು, ಅದಕ್ಕೆ ಹದಿನಾಲ್ಕು ಸೆಕೆಂಡು ಮೊದಲು ಚಿಕ್ಕದೊಂದು ಉಬ್ಬು. ದೊಡ್ಡ ಬಾಂಬಿಗೆ ಮುಂಚೆ ಸಣ್ಣದೊಂದನ್ನು ಸಿಡಿಸಿ ನೋಡಿದ್ದಾರೆ ಎಂದು ಕೆಳಗೆ ವಿವರಣೆಯೂ ಇತ್ತು. ದೆಹಲಿಯ ಪಂಡಿತರು ಅದನ್ನು ಒಪ್ಪಿಕೊಂಡಾಗಿತ್ತು. ಟೀವಿಯಲ್ಲಿ ಆಗಲೇ ಗಡಿಯ ಊರುಗಳನ್ನು ಖಾಲಿ ಮಾಡಿಸುತ್ತಿದ್ದರು. ಮಕ್ಕಳು ಶಾಲೆಯ ಚೀಲದಲ್ಲಿ ಬಟ್ಟೆ ತುಂಬಿಕೊಂಡು ಲಾರಿ ಹತ್ತುತ್ತಿದ್ದರು.

ಸುಂಕಮ್ಮ ಗೀಟಿನ ಮುಂದೆ ನಿಂತಳು. ಚಿಕ್ಕ ಉಬ್ಬಿನಿಂದ ದೊಡ್ಡ ಉಬ್ಬಿನವರೆಗೆ ಬೆರಳಾಡಿಸಿದಳು. ಯಾಕೋ ತುಟಿ ತಾನಾಗಿಯೇ ಅಲುಗಿತು. ಪೆದ್ದಯ್ಯ, ಹನುಮಂತ, ಗೋವಿಂದಿ, ತಿಪ್ಪೇಶಿ, ಕರಿಯಮ್ಮ, ಯಂಕಟಪ್ಪ, ಮುನಿಯ, ಸಣ್ಣೀರಿ, ಲಚ್ಚುಮ. ಬೆರಳು ದೊಡ್ಡ ಉಬ್ಬಿಗೆ ಸರಿಯಾಗಿ ಬಂದು ನಿಂತಿತು.

ಸುಂಕಮ್ಮ ಕಲ್ಲು ಒಡೆಯುವವರ ಮಗಳು. ಕೇಂದ್ರದಿಂದ ಒಂಬತ್ತು ಕಿಲೋಮೀಟರ್ ದೂರದ ಕಲ್ಲುಹಟ್ಟಿಯಲ್ಲಿ ಅವಳ ಅಪ್ಪ ಓಬಳಪ್ಪ ಬಂಡೆಗೆ ಮದ್ದು ಇಡುವುದರಲ್ಲಿ ಎತ್ತಿದ ಕೈ. ಅವನು ಒಮ್ಮೆಲೇ ಬಂಡೆ ಸಿಡಿಸುವವನಲ್ಲ. ಮೊದಲು ಬಂಡೆಯಲ್ಲಿ ಕೊರೆದ ಒಂದೇ ಕುಳಿಗೆ ಚಿಟಿಕೆ ಮದ್ದು ಹಾಕಿ ಸಿಡಿಸುತ್ತಾನೆ. ಅದಕ್ಕೆ ಅವರ ಮನೆಯಲ್ಲಿ "ಜೀವಕ್ಕೊಂದು" ಎಂದು ಹೆಸರು. ಸಂದಿಯಲ್ಲಿರುವ ಓತಿಕ್ಯಾತ, ಹಾವು, ಹಕ್ಕಿ, ಮೇಕೆ ಕಾಯುವ ಹುಡುಗಿಯರು, ಎಲ್ಲ ಜೀವಗಳೂ ದೂರ ಹೋಗಲಿ ಎಂದು. ಆಮೇಲೆ ಕಣ್ಣುಮುಚ್ಚಿ, ಆ ಬಂಡೆ ಇದುವರೆಗೆ ಬಲಿ ತೆಗೆದುಕೊಂಡವರ ಹೆಸರನ್ನು ಒಂದೊಂದಾಗಿ ಹೇಳುತ್ತಾನೆ. ಕೊನೆಯ ಹೆಸರಿಗೆ ದೊಡ್ಡ ಸ್ಫೋಟದ ಗುಂಡಿ ಒತ್ತುತ್ತಾನೆ. ಅವನ ಅಪ್ಪನ ಕಾಲಕ್ಕೆ ನಾಲ್ಕು ಹೆಸರಿದ್ದವು. ಸುಂಕಮ್ಮ ಈ ಕೆಲಸಕ್ಕೆ ಸೇರುವಾಗ ಒಂಬತ್ತಾಗಿದ್ದವು. ಒಂಬತ್ತು ಹೆಸರಿಗೆ ಹದಿನಾಲ್ಕು ಸೆಕೆಂಡು.

ಪೆಟ್ಟಿಗೆ ಬಂದಾಗ ಕೇಂದ್ರದ ಸುತ್ತ ಹದಿನೈದು ಕಿಲೋಮೀಟರ್‌ವರೆಗೆ ಬಂಡೆ ಸಿಡಿಸುವುದನ್ನು ಸರ್ಕಾರ ನಿಷೇಧಿಸಿತು. ಕಲ್ಲುಹಟ್ಟಿಯ ಅರವತ್ತು ಮನೆಗೆ ಬೇರೆ ಕಸುಬು ಗೊತ್ತಿರಲಿಲ್ಲ. ಓಬಳಪ್ಪ ಕದ್ದು ಸಿಡಿಸತೊಡಗಿದ. ಸುಂಕಮ್ಮನ ಕೆಲಸವೋ, ಹತ್ತಿರದ ಕಂಪನಗಳನ್ನು ಜರಡಿ ಹಿಡಿಯುವುದು. ಇದು ರೈಲು, ಇದು ಲಾರಿ, ಇದು ಸಿಡಿಲು ಎಂದು ಪಟ್ಟಿಯಲ್ಲಿ ಬರೆಯಬೇಕು. ಅಪ್ಪನ ಸ್ಫೋಟ ಬಂದಾಗಲೆಲ್ಲ ಅವಳು ಅದನ್ನು ಬರೆಯದೆ ಅಳಿಸಿಹಾಕುತ್ತಿದ್ದಳು. ಅಪ್ಪ ಜೈಲಿಗೆ ಹೋಗಬಾರದು, ಅಷ್ಟೆ. ಅಳಿಸುವ ಮೊದಲೇ ಅದರ ಪ್ರತಿ ದೊಡ್ಡಣ್ಣನ ಭಂಡಾರಕ್ಕೆ ಹೋಗಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಸಮುದ್ರದಾಚೆಯವರಿಗೆ ಕಲ್ಲುಹಟ್ಟಿಯ ಬಂಡೆ ಏಕೆ ಬೇಕು ಎಂದುಕೊಂಡಿದ್ದಳು.

ಈಗ ತಿಳಿಯಿತು. ಸುಳ್ಳು ಸಾಕ್ಷಿ ಹುಟ್ಟಿಸುವವನಿಗೆ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಸ್ಫೋಟ ಬೇಕಿತ್ತು. ಪಟ್ಟಿಯಲ್ಲಿದ್ದರೆ ಯಾರಾದರೂ ಹೋಲಿಸಿ ನೋಡಿ ಹಿಡಿದುಬಿಡುತ್ತಾರೆ. ಅಂಥ ಹೇಳಹೆಸರಿಲ್ಲದ ಸ್ಫೋಟವನ್ನು ಅವನಿಗೆ ಒದಗಿಸಿಕೊಟ್ಟವಳು ಅವಳೇ. ಅಪ್ಪನ ಮದ್ದಿನ ಗೀಟನ್ನು ಸಾವಿರಾರು ಪಟ್ಟು ಹಿಗ್ಗಿಸಿ, ಮರುಭೂಮಿಯ ವಿಳಾಸ ಅಂಟಿಸಿ ಅವರು ವಾಪಸು ಕಳಿಸಿದ್ದರು. ಸುಂಕಮ್ಮನಿಗೆ ನಾಚಿಕೆಯೂ ಭಯವೂ ಒಟ್ಟಿಗೇ ಬಂದವು.

ಅವಳು ಫಣೀಂದ್ರರ ಕೋಣೆಗೆ ಹೋಗಿ, ಬಾಗಿಲು ಹಾಕಿ, ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ವರ್ಷದಿಂದ ಅಳಿಸ್ತಿದ್ದೀರಿ?"

"ಆರು ವರ್ಷ ಸರ್. ಕೆಲಸಕ್ಕೆ ಸೇರಿದಾಗಿನಿಂದ."

"ನಿಮ್ಮನ್ನ ಮನೆಗೆ ಕಳಿಸಬೇಕು ನಾನು. ಜೈಲಿಗೇ ಕಳಿಸಬೇಕು. ಆಮೇಲೆ ಕಳಿಸ್ತೀನಿ. ಈಗ ಹೇಳಿ, ದೆಹಲಿಯವರಿಗೆ ಏನು ತೋರಿಸೋಣ? ನಿಮ್ಮ ಬಾಯಿಮಾತನ್ನ ನಂಬಿ ಯಾರು ಯುದ್ಧ ನಿಲ್ಲಿಸ್ತಾರೆ? ಹಳೇ ಗೀಟು ಒಂದಾದರೂ ಉಳಿದಿದೆಯಾ?"

"ಒಂದೂ ಇಲ್ಲ ಸರ್."

ಪೆಟ್ಟಿಗೆ ಬರುವುದಕ್ಕೆ ಮುಂಚಿನ ಕಾಗದದ ಸುರುಳಿಗಳಿದ್ದವು. ಅವುಗಳನ್ನು ಒಪ್ಪಂದದ ವರ್ಷವೇ ದೊಡ್ಡಣ್ಣ ಹಡಗಿನಲ್ಲಿ ಸಾಗಿಸಿದ್ದ, ಜೋಪಾನ ಮಾಡುತ್ತೇನೆಂದು.

"ದೊಡ್ಡಣ್ಣನ ಕಡೆಯವರಿಗೆ ಯುದ್ಧ ಬೇಕಿರಲಾರದು," ಎಂದರು ಫಣೀಂದ್ರ, ತಮಗೇ ಹೇಳಿಕೊಳ್ಳುವಂತೆ. "ಹೆದರಿಕೆ ಸಾಕು. ಹೆದರಿದರೆ ಇಬ್ಬರೂ ಓಡಿ ಬಂದು ಇನ್ನು ಹತ್ತು ವರ್ಷಕ್ಕೆ ಸಹಿ ಹಾಕ್ತಾರೆ ಅಂತ ಲೆಕ್ಕ ಹಾಕಿರ್ತಾರೆ. ನಮ್ಮವರು ಇಷ್ಟು ಬೇಗ ಕ್ಷಿಪಣಿಗೆ ಕೈ ಹಾಕ್ತಾರೆ ಅಂತ ಅಂದುಕೊಂಡಿರಲ್ಲ."

ಅವರು ತಟ್ಟನೆ ಎದ್ದರು. "ಒಂದೇ ಜಾಗದಲ್ಲಿ ನೂರು ಸಲ ಸಿಡಿಸಿದರೂ ಗೀಟು ಒಂದೇ ಥರ ಬರುತ್ತೆ. ಅದೇ ಬಂಡೆ, ಅದೇ ಬಿರುಕು, ಅದೇ ಮಣ್ಣು ದಾಟಿ ಬರಬೇಕಲ್ಲ ಅಲೆ. ಅದು ನೆಲದ ಹೆಬ್ಬೆರಳ ಗುರುತು. ನಿಮ್ಮ ಅಪ್ಪ ಇವತ್ತು ಇನ್ನೊಂದು ಸಲ ಸಿಡಿಸಬೇಕು. ಅದಕ್ಕೆ ಪೆಟ್ಟಿಗೇನ ನಂಬೋದು ಬೇಡ. ಗೋದಾಮಿನಲ್ಲಿ ನಮ್ಮ ಹಳೇ ಉರುಳೆ ಯಂತ್ರ ಇದೆ, ಕಾಗದದ ಮೇಲೆ ಮುಳ್ಳಿನಿಂದ ಬರೆಯೋದು. ಅದರ ತಂತಿ ಇನ್ನೂ ಬಂಡೆಯೊಳಗೇ ಇದೆ. ನಾನದನ್ನ ಎಬ್ಬಿಸ್ತೀನಿ. ನೀವು ಹೊರಡಿ."

ಸುಂಕಮ್ಮ ಬಾಗಿಲ ಬಳಿ ನಿಂತಳು. ಇನ್ನೊಂದು ತೊಡಕಿತ್ತು. ಅದನ್ನು ಅವಳು ಫಣೀಂದ್ರರಿಗೆ ಹೇಳಲಿಲ್ಲ.

ಮೊಪೆಡ್ಡಿನಲ್ಲಿ ಕಲ್ಲುಹಟ್ಟಿ ತಲುಪುವಾಗ ಮಧ್ಯಾಹ್ನ ಒಂದೂವರೆ. ಊರಿನ ಅಂಗಡಿಯಲ್ಲಿ ಉಪ್ಪು, ಬೆಂಕಿಪೊಟ್ಟಣ ಖಾಲಿಯಾಗಿದ್ದವು. ಸೈನ್ಯದಲ್ಲಿ ಗಂಡು ಮಕ್ಕಳಿದ್ದ ಎರಡು ಮನೆಯ ಮುಂದೆ ಹೆಂಗಸರು ಗುಂಪುಕಟ್ಟಿ ಕೂತಿದ್ದರು. ಓಬಳಪ್ಪ ಹುಣಸೆ ಮರದಡಿ ಒರಳುಕಲ್ಲು ಕೆತ್ತುತ್ತಿದ್ದ. ಮಗಳನ್ನು ನೋಡಿಯೂ ಚಾಣ ನಿಲ್ಲಿಸಲಿಲ್ಲ.

"ಅಪ್ಪ, ಇವತ್ತು ಮದ್ದು ಇಕ್ಬೇಕು."

"ಹೋದ ವಾರ ನೀನೇ ಅಲ್ವೇನವ್ವ ಬ್ಯಾಡ ಅಂತ ಕೈ ಮುಗ್ದಿದ್ದು?"

ಅವಳು ಕುಕ್ಕರುಗಾಲಿನಲ್ಲಿ ಕುಳಿತು, ಅವನಿಗೆ ತಿಳಿಯುವಂತೆ ಎಲ್ಲವನ್ನೂ ವಿವರಿಸಿದಳು. ನಿನ್ನ ಸದ್ದನ್ನು ಕದ್ದೊಯ್ದು ಯುದ್ಧದ ಸದ್ದು ಮಾಡಿದ್ದಾರೆ ಎಂದಳು. ಅವನು ತಲೆಯಾಡಿಸುತ್ತ ಕೇಳಿದ.

"ಅದಕ್ಕೇನಂತೆ, ಸಿಡಿಸಾನ. ಪಡುವಲ ಬದೀಲಿ ಕುಳಿ ಹೊಡ್ದು ಮಡಗಿದೀನಿ."

"ಅಲ್ಲಿ ಬ್ಯಾಡ. ಹಳೇ ಬದೀಲಿ ಆಗ್ಬೇಕು. ಅವ್ರು ಕದ್ದಿರೋದು ಹಳೇ ಬದೀದು."

ಚಾಣ ನಿಂತಿತು. ಹಳೇ ಬದಿಗೆ ಓಬಳಪ್ಪ ಎಂಟು ತಿಂಗಳಿಂದ ಕಾಲಿಟ್ಟಿರಲಿಲ್ಲ. ಅವನ ಮಗ, ಸುಂಕಮ್ಮನ ತಮ್ಮ ರಾಮಾಂಜಿ, ಅಲ್ಲಿ ಸಡಿಲಾದ ಬಂಡೆಯ ಅಡಿಗೆ ಸಿಕ್ಕಿ ಸತ್ತಿದ್ದ. ಕಳ್ಳ ಕ್ವಾರಿಯ ಸಾವು ಹೊರಗೆ ಬಂದರೆ ಊರಿಗೆ ಊರೇ ಜೈಲು ಸೇರಬೇಕೆಂದು, ಹುಡುಗ ಲಾರಿಯಿಂದ ಬಿದ್ದು ಸತ್ತ ಎಂದು ಬರೆಸಿದ್ದರು. ಆ ದಿನದ ಗೀಟನ್ನೂ ಸುಂಕಮ್ಮ ಅಳಿಸಿದ್ದಳು, ಕಣ್ಣು ಒರೆಸಿಕೊಳ್ಳುತ್ತ. ಅಂದಿನಿಂದ ಓಬಳಪ್ಪ ಸಿಡಿಸಿದಾಗಲೆಲ್ಲ ಹತ್ತು ಹೆಸರು ಹೇಳುತ್ತಿದ್ದ.

"ಆ ಸಾಲಿನ ಕುಳಿಗಳು ಹಂಗೇ ಅವೆ," ಎಂದ ಓಬಳಪ್ಪ. "ಅವ್ನೇ ಹೊಡ್ದಿದ್ದು. ಆಗ್ಲಿ."

"ಇನ್ನೂ ಒಂದೈತೆ ಅಪ್ಪ. ಅವ್ರ ಹತ್ರ ಇರೋದು ಒಂಬತ್ತು ಹೆಸರಿಂದು. ಹತ್ತು ಹೇಳಿದ್ರೆ ಅಂತರ ಜಾಸ್ತಿ ಆಗ್ತದೆ, ಗೀಟಿನ ಮ್ಯಾಲೆ ಗೀಟು ಕೂರಲ್ಲ. ಒಂಬತ್ತೇ ಹೇಳ್ಬೇಕು."

"ಯಾರ್ನ ಬಿಡ್ಲಿ?"

ಸುಂಕಮ್ಮ ನೆಲ ನೋಡಿದಳು.

"ಬಾಯಿ ಬಿಟ್ಟು ಹೇಳವ್ವ. ಯಾರ್ನ ಬಿಡ್ಬೇಕು?"

"ರಾಮಾಂಜೀನ."

ಓಬಳಪ್ಪ ಸುತ್ತಿಗೆಯನ್ನು ಪಕ್ಕಕ್ಕಿಟ್ಟ. "ಅವ್ನು ಸತ್ತ ಜಾಗಾನೇ ಸುಳ್ಳು ಮಾಡಿದ್ವಿ. ನಿಜ ಬಾಯಿಗೆ ಬಂದ್ಬಿಡ್ತದೆ ಅಂತ ಊರ ಮುಂದೆ ಅಳಾಕೂ ಬಿಡ್ಲಿಲ್ಲ ನಿಮ್ಮವ್ವಂಗೆ. ಅವ್ನಿಗೆ ಅಂತ ಉಳ್ದಿರೋದು ಅದೊಂದು ಹೆಸರು, ಅದೂ ಆ ಬಂಡೆ ಮುಂದೆ. ಅದ್ನೂ ಬಿಡು ಅಂತೀಯ."

"ಐದು ಗಂಟೆ ಆದ್ಮೇಲೆ ಎಷ್ಟು ಜನದ ಹೆಸರು ಹೇಳ್ಬೇಕಾಗ್ತದೋ, ಯಾರ ಕೈಲೂ ಆಗಲ್ಲ ಅಪ್ಪ."

ಪೊಲೀಸಿನವರು ಬರುತ್ತಾರಾ ಎಂದು ಅವನು ಕೇಳಿದ. ಬರುತ್ತಾರೆ, ಸಾಹೇಬರಿಗೆ ನಾನೇ ಎಲ್ಲ ಹೇಳಿದ್ದೇನೆ ಎಂದಳು. ನಿನ್ನ ಕೆಲಸ ಎಂದು ಕೇಳಿದ. ಹೋಗುತ್ತದೆ ಎಂದಳು. ಅವನು ಎದ್ದು ಪಂಚೆ ಕೊಡವಿದ.

"ನಾಲ್ಕೂಕಾಲಿಗೆ," ಎಂದಳು.

"ನೋಡಾನ," ಎಂದ. ಸಿಡಿಸುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಕೇಂದ್ರದಲ್ಲಿ ಫಣೀಂದ್ರರು ನೆಲದ ಮೇಲೆ ಕೂತು ಎಣ್ಣೆ, ಧೂಳು ಮೆತ್ತಿಕೊಂಡಿದ್ದರು. ಉರುಳೆ ತಿರುಗುತ್ತಿತ್ತು. ಅದಕ್ಕೆ ಸುತ್ತಿದ ಕಾಗದದ ಮೇಲೆ ಮಸಿಯ ಮುಳ್ಳು ಸಣ್ಣಗೆ ನಡುಗುತ್ತ ಸಾಲು ಎಳೆಯುತ್ತಿತ್ತು. ವಿಕ್ಟರ್ ಬಾಗಿಲಲ್ಲಿ ನಿಂತಿದ್ದ.

"ಒಪ್ಪಂದದ ಪ್ರಕಾರ ಈ ಯಂತ್ರವನ್ನು ಚಾಲನೆ ಮಾಡುವುದು ಅಪರಾಧ," ಎಂದ.

"ಬರೆದುಕೊಳ್ಳಿ," ಎಂದರು ಫಣೀಂದ್ರ. ವಿಕ್ಟರ್ ಬರೆದುಕೊಳ್ಳಲಿಲ್ಲ, ಹೋಗಲೂ ಇಲ್ಲ.

ನಾಲ್ಕು ಗಂಟೆಗೆ, ಫಣೀಂದ್ರರು ಕೇಳಿಕೊಂಡಿದ್ದಂತೆ, ದೆಹಲಿಯ ಹಿರಿಯ ಅಧಿಕಾರಿಣಿಯೊಬ್ಬರು ಪರದೆಯ ಮೇಲೆ ಬಂದರು. ಅವರ ಹಿಂದೆ ಫೋನುಗಳು ಬಡಿದುಕೊಳ್ಳುತ್ತಿದ್ದವು. ಹದಿನೈದು ನಿಮಿಷ ಕೊಡುತ್ತೇನೆ ಎಂದರು. ನಾಲ್ಕೂಕಾಲಾಯಿತು. ಮುಳ್ಳು ನೆಟ್ಟಗೆ ಸಾಗುತ್ತಿತ್ತು. ನಾಲ್ಕು ಇಪ್ಪತ್ತು. ಸುಂಕಮ್ಮ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದಳು. ಅಪ್ಪ ಹಳೇ ಬದಿಯಲ್ಲಿ ಮಗ ಹೊಡೆದ ಕುಳಿಗಳ ಮುಂದೆ ನಿಂತಿರುವುದು ಅವಳ ಕಣ್ಣಿಗೆ ಕಟ್ಟಿತು. ಅವನಿಂದ ಆಗಲಿಲ್ಲ ಎಂದೇ ಅನಿಸಿತು. ಆಗದಿದ್ದರೆ ಅವನನ್ನು ಬಯ್ಯುವ ಹಕ್ಕು ತನಗಿಲ್ಲ ಎಂದೂ ಅನಿಸಿತು.

"ಇನ್ನು ಕಾಯೋಕೆ ಆಗಲ್ಲ," ಎಂದರು ದೆಹಲಿಯವರು.

ಆಗ ಮುಳ್ಳು ಚಿಟಿಕೆಯಷ್ಟು ಮಿಡುಕಿತು. ಜೀವಕ್ಕೊಂದು.

"ಬಂತು, ಸರ್. ಒಂದು ನಿಮಿಷ, ಮೇಡಂ," ಎಂದಳು ಸುಂಕಮ್ಮ. ಆಮೇಲೆ ಬಾಯಿ ಬಿಟ್ಟು, ಎಲ್ಲರಿಗೂ ಕೇಳುವಂತೆ ಎಣಿಸಿದಳು. ಪೆದ್ದಯ್ಯ. ಹನುಮಂತ. ಗೋವಿಂದಿ. ತಿಪ್ಪೇಶಿ. ಕರಿಯಮ್ಮ. ಯಂಕಟಪ್ಪ. ಮುನಿಯ. ಸಣ್ಣೀರಿ. ಲಚ್ಚುಮ.

ಮುಳ್ಳು ಎಗರಿ ಬಿತ್ತು. ಅರೆ ನಿಮಿಷ ಕಳೆದು, ದೂರದಿಂದ ಬಂದ ದಡ್ ಎಂಬ ಸದ್ದು ಕಿಟಕಿಯ ಗಾಜನ್ನು ಅಲುಗಿಸಿತು.

ಫಣೀಂದ್ರ ಮಸಿ ಆರುವವರೆಗೂ ಕಾಯಲಿಲ್ಲ. ಕಾಗದವನ್ನು ಹರಿದು ತಂದು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಪೆಟ್ಟಿಗೆಯ ಗೀಟನ್ನು ಅದೇ ಅಳತೆಗೆ ಕುಗ್ಗಿಸಿ ಮುದ್ರಿಸಿಟ್ಟಿದ್ದ ಕಾಗದವನ್ನು ಸುಂಕಮ್ಮ ಅದರ ಮೇಲಿಟ್ಟಳು. ಬಿಸಿಲು ಎರಡನ್ನೂ ಹಾದು ಬಂತು. ಚಿಕ್ಕ ಉಬ್ಬಿನ ಮೇಲೆ ಚಿಕ್ಕ ಉಬ್ಬು, ದೊಡ್ಡದರ ಮೇಲೆ ದೊಡ್ಡದು ಕೂತವು. ಆಮೇಲಿನ ಹತ್ತಾರು ಸಣ್ಣ ಅಂಕುಡೊಂಕುಗಳೂ ಒಂದರ ಮೇಲೊಂದು ಕೂತು, ಎರಡು ಗೀಟುಗಳಿವೆ ಎಂಬುದೇ ತಿಳಿಯದಾಯಿತು.

"ಇನ್ನೊಮ್ಮೆ ಇಡಿ," ಎಂದ ವಿಕ್ಟರ್. ಹತ್ತಿರ ಬಂದು ತಾನೇ ಕಾಗದ ಸರಿಸಿ, ಮತ್ತೆ ಇಟ್ಟು ನೋಡಿದ. ಮತ್ತೆ ಹಾಗೆಯೇ ಕೂತಿತು. "ನಾನು ಈ ಪೆಟ್ಟಿಗೆಯ ಧೂಳು ಒರೆಸುವವನು ಮಾತ್ರ," ಎಂದ ಮೆಲ್ಲಗೆ. ನಂಬಬೇಕೋ ಬಿಡಬೇಕೋ ಸುಂಕಮ್ಮನಿಗೆ ತಿಳಿಯಲಿಲ್ಲ.

ದೆಹಲಿಯವರು ಮುಖವನ್ನು ಪರದೆಗೆ ಹತ್ತಿರ ತಂದರು. "ಈ ಸ್ಫೋಟ ಮಾಡಿದ್ದು ಯಾರು?"

"ನಮ್ಮ ತಂದೆ, ಓಬಳಪ್ಪ. ಒಂಬತ್ತು ಕಿಲೋಮೀಟರ್ ದೂರದ ಕ್ವಾರಿಯಲ್ಲಿ. ಅನುಮತಿ ಇಲ್ಲ, ಮೇಡಂ."

"ಹಿಂದಿನ ದಾಖಲೆ?"

"ನಾನು ಅಳಿಸಿದೆ. ಆರು ವರ್ಷ."

"ಇದನ್ನ ಬರೆದು ಸಹಿ ಮಾಡ್ತೀರಾ?"

"ಮಾಡ್ತೀನಿ."

ಸಹಿ ಮಾಡುವಾಗ ಗಡಿಯಾರ ನಾಲ್ಕು ನಲವತ್ತೆಂಟು ತೋರಿಸುತ್ತಿತ್ತು. ಆ ಎರಡು ಗೀಟುಗಳ ಚಿತ್ರವನ್ನು ದೆಹಲಿ ನೇರವಾಗಿ ನೆರೆಯವರಿಗೆ ಕಳಿಸಿತು. ಹತ್ತು ವರ್ಷದಲ್ಲಿ ದೊಡ್ಡಣ್ಣನ ಕೈ ದಾಟದೆ ಆ ಕಡೆಗೆ ಹೋದ ಮೊದಲ ಗೀಟು ಅದು. ನಾಲ್ಕು ಐವತ್ತಾರಕ್ಕೆ ಆ ಕಡೆಯಿಂದ ಒಂದು ಸಾಲು ಬಂತು. ಬೆಳಿಗ್ಗೆ ಅವರ ಪೆಟ್ಟಿಗೆಯೂ ಕೂಗಿತ್ತು, ನಾವು ಪರೀಕ್ಷೆ ಮಾಡಿದೆವೆಂದು. ಅವರ ಉತ್ತರದ ಅವಧಿಯೂ ಸಂಜೆ ಐದಕ್ಕೇ ಇತ್ತು. ಅವರೂ ಕ್ಷಿಪಣಿ ತಡೆಹಿಡಿದರು, ನಮ್ಮವರೂ ತಡೆಹಿಡಿದರು. ಫಣೀಂದ್ರ ನೆಲದ ಮೇಲೆ ಕುಳಿತು, ಮಸಿ ಹತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಸುಂಕಮ್ಮ ಬೆಳಗಿನಿಂದ ಮುಟ್ಟದ ಡಬ್ಬಿ ತೆಗೆದು ಅವರ ಮುಂದಿಟ್ಟಳು.

ಮರುದಿನದ ಪತ್ರಿಕೆಯಲ್ಲಿ ದೊಡ್ಡಣ್ಣನ ಹೇಳಿಕೆ ಇತ್ತು. ಒಂದು ತಾಂತ್ರಿಕ ದೋಷ ಸಂಭವಿಸಿದೆ, ವಿಷಾದವಿದೆ, ಎರಡೂ ದೇಶಗಳಿಗೆ ಹೊಸ ಮಾದರಿಯ ಪೆಟ್ಟಿಗೆಯನ್ನು ಉಚಿತವಾಗಿ ಕೊಡಲಾಗುವುದು. ಎರಡೂ ಸರ್ಕಾರಗಳು ಅದನ್ನು ಪರಿಶೀಲಿಸುತ್ತಿದ್ದವು.

ಹನ್ನೊಂದು ಗಂಟೆಗೆ ಕಲ್ಲುಹಟ್ಟಿಗೆ ಪೊಲೀಸ್ ಜೀಪು ಬಂತು. ಓಬಳಪ್ಪ ಒಗೆದ ಅಂಗಿ ತೊಟ್ಟು ಹುಣಸೆ ಮರದಡಿ ಕುಳಿತಿದ್ದ. ಪಕ್ಕದಲ್ಲಿ ಸುಂಕಮ್ಮನೂ ಅವಳ ತಾಯಿಯೂ ಇದ್ದರು. ಇನ್ಸ್‌ಪೆಕ್ಟರು ಸಣ್ಣ ವಯಸ್ಸಿನವರು. ನಿನ್ನೆಯ ಸುದ್ದಿ ಕೇಳಿದ್ದರಿಂದಲೋ ಏನೋ, ಮರ್ಯಾದೆಯಿಂದಲೇ ಮಾತಾಡಿದರು.

"ಅಜ್ಜ, ಬರೆದುಕೊಳ್ಳೋದು ನನ್ನ ಕೆಲಸ. ಹೆಸರು ಹೇಳಿ."

"ರಾಮಾಂಜಿ," ಎಂದ ಓಬಳಪ್ಪ.

"ಅದು ನಿಮ್ಮ ಹೆಸರಾ?"

"ಅಲ್ಲ ಸ್ವಾಮಿ. ನಮ್ಮ ಹುಡುಗಂದು. ಲಾರಿಯಿಂದ ಬಿದ್ದು ಸತ್ತ ಅಂತ ನಿಮ್ ಠಾಣೇಲಿ ಬರೆಸೀವಿ, ಅದು ಸುಳ್ಳು. ಅಗೋ, ಆ ಬಂಡೆ ಕೆಳ್ಗೆ ಸತ್ತ. ನಿನ್ನೆ ಅವ್ನ ಹೆಸರು ಹೇಳ್ದೆ ಬಿಟ್ಟೆ. ಅದಕ್ಕೆ ಇವತ್ತು ಮೊದ್ಲು ಅವ್ನದು ಬರ್ಕೊಳ್ಳಿ."

ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ಬಿಟ್ಟು, ಎಂಟು ತಿಂಗಳಲ್ಲಿ ಮೊದಲ ಸಲ, ಊರಿಗೆಲ್ಲ ಕೇಳುವಂತೆ ಅತ್ತಳು. ಯಾರೂ ಅವಳನ್ನು ತಡೆಯಲಿಲ್ಲ. ಇನ್ಸ್‌ಪೆಕ್ಟರು ಜೀಪಿನ ಬಾನೆಟ್ಟಿನ ಮೇಲೆ ಪುಸ್ತಕವಿಟ್ಟು ರಾಮಾಂಜಿಯ ಹೆಸರು ಬರೆದರು.

"ಇನ್ನೂ ಒಂಬತ್ತು ಜನ ಅವ್ರೆ," ಎಂದ ಓಬಳಪ್ಪ. "ನಿಧಾನಕ್ಕೆ ಹೇಳ್ತೀನಿ. ಆಮ್ಯಾಕೆ ನಂದು ಬರ್ಕೊಳ್ಳಿ."